ಗೋಂದಿನ ಗಿರಣಿಯ ವೈನಿ

ಗಿರಣಿಯಲ್ಲಿ ಎಲ್ಲರೂ ಅವರನ್ನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದರು. ಸಾವುಕಾರರ ತಮ್ಮನ ಹೆಂಡತಿ, ಅದಕ್ಕೆ ಆ ಹೆಸರು. ಹಮಾಲರಿಗೂ ವೈನಿ, ಲಾರಿ ಡ್ರೈವರುಗಳಿಗೂ ವೈನಿ, ವಯಸ್ಸಿನಲ್ಲಿ ಅವರಿಗಿಂತ ಹಿರಿಯನಾದ ನನಗೂ ವೈನಿ. ಮೊನ್ನೆ ಮೊನ್ನೆ ಸೊಲ್ಲಾಪುರದ ವಿಜಾಪುರ ರಸ್ತೆಯ ಬಾಡಿಗೆ ಮನೆಯೊಂದರಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆ ಹಳೆಯದು, ಕೊನೆಗೆ ಮೂತ್ರಪಿಂಡ ಕೈಕೊಟ್ಟಿತು. ದುಃಖವಾಯಿತು, ನಿಜ. ಆದರೆ ಪೆನ್ನು ಹಿಡಿದು ಕೂಡುವಂತೆ ಮಾಡಿದ್ದು ಸಿಟ್ಟು. ಅದು ಆರುವುದರೊಳಗೆ ಬರೆದುಬಿಡಬೇಕು.

ದುಧನಿಯ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು ಆ ಗಿರಣಿ. ಮೊದಲು ಅಲ್ಲಿ ತೊಗರಿಬೇಳೆ ಮಾಡುತ್ತಿದ್ದರು. ನಾನು ಪತ್ರವ್ಯವಹಾರದ ಗುಮಾಸ್ತ. ಇಂಗ್ಲಿಷು, ಮರಾಠಿ, ಕನ್ನಡ ಮೂರೂ ಬರೆಯಬಲ್ಲೆನೆಂದು ಇಟ್ಟುಕೊಂಡಿದ್ದರು. ದಿನವೂ ಸೊಲ್ಲಾಪುರದಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ಬೇಸಿಗೆಯಲ್ಲಿ ಹೊರರಾಜ್ಯದ ದಲಾಲರಿಂದ ಮೇಲಿಂದ ಮೇಲೆ ಫೋನು ಬರತೊಡಗಿತು. ಅವರಿಗೆ ಬೇಕಾಗಿದ್ದದ್ದು ಚವಳಿಕಾಯಿಯ ಬೀಜ. ಮರಾಠಿಯವರು ಗವಾರ ಎನ್ನುವ, ಬೆಂಗಳೂರಿನ ಕಡೆಯವರು ಗೋರಿಕಾಯಿ ಎನ್ನುವ ಅದೇ ಕಾಯಿ. ಎಷ್ಟಿದ್ದರೂ ಕೊಡಿ, ದರ ನೀವೇ ಹೇಳಿ ಎನ್ನುತ್ತಿದ್ದರು.

"ಹುಚ್ಚು ಹಿಡದದ ಏನು ಇವರಿಗಿ?" ಎಂದರು ಸಾವುಕಾರರು. "ಪಲ್ಯಾ ಮಾಡೂ ಕಾಯಿ ಬೀಜಕ್ಕ ಬಂಗಾರದ ರೇಟು ಹೇಳಾಕತ್ಯಾರ!"

ಆಗ ಒಳಬಾಗಿಲಿನಿಂದ ವೈನಿ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಗಾಜಿನ ಲೋಟ. ಆ ಮನೆಯಲ್ಲಿ ಗಂಡನ ಅಣ್ಣ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವ ಪದ್ಧತಿ ಇರಲಿಲ್ಲ. ಏನು ಹೇಳುವುದಿದ್ದರೂ ನಡುವೆ ಒಬ್ಬರು ಬೇಕು. ಆಫೀಸಿನಲ್ಲಿ ಆ ಒಬ್ಬ ನಾನೇ.

"ಸಾವುಕಾರ್ರಿಗಿ ಹೇಳ್ರಿ," ಎಂದರು ವೈನಿ ನನ್ನ ಕಡೆ ನೋಡಿ. "ಅಮೇರಿಕಾದಾಗ ನೆಲದಾಗಿನ ಕಲ್ಲು ಬಿರಿಸಾಕ ಇದು ಬೇಕಾಗೇದ."

"ಕಲ್ಲು ಬಿರಿಸಾಕ ಚವಳಿಕಾಯಿ? ಏನಂತಾರ, ಸರಿಯಾಗಿ ಕೇಳ್ರಿ," ಎಂದರು ಸಾವುಕಾರರು, ಅವರೂ ನನಗೇ.

ಲೋಟದಲ್ಲಿ ಬೀಜದ ಪುಡಿ ಕಲಸಿದ ನೀರಿತ್ತು, ಗಂಜಿಯಷ್ಟು ದಪ್ಪ. ವೈನಿ ಅದಕ್ಕೆ ಒಂದು ಹಿಡಿ ಉಸುಕು ಹಾಕಿದರು. ಉಸುಕು ತಳಕ್ಕೆ ಇಳಿಯದೆ ನಡುವೆಯೇ ನಿಂತಿತು. ಮೇಲೆ ಒಂದು ಚಮಚ ಬಿಳಿಗಾರದ ನೀರು ಸುರಿದು ತಿರುವಿದರು. ಇಡೀ ಲೋಟದ್ದು ಒಂದೇ ಮುದ್ದೆಯಾಯಿತು. ಲೋಟವನ್ನು ಬೋರಲು ಹಿಡಿದರು, ಒಂದು ಹನಿ ಬೀಳಲಿಲ್ಲ. ಆಮೇಲೆ ಕೈಹಾಕಿ ಎತ್ತಿದರು. ನಡುಗುವ ಮುದ್ದೆಯೊಳಗೆ ಉಸುಕಿನ ಕಣಗಳು ಗಸಗಸೆಯಂತೆ ಕಾಣುತ್ತಿದ್ದವು.

"ಶಹಾಬಾದ ಫರಸಿ ಇರ್ತದಲ್ರಿ, ಪದರ ಪದರ, ಹಂಗ ಒಂದು ಕಲ್ಲು. ಶೇಲ್ ಅಂತಾರ. ಅದರಾಗ ಎಣ್ಣಿ, ಗ್ಯಾಸು ಸಿಕ್ಕೊಂಡು ಕುಂತದ. ನೆಟ್ಟಗ ಕೊರದ್ರ ಏನೂ ಬರಾಂಗಿಲ್ಲ. ಈಗ ಕೆಳಗ ಹೋಗಿ ಅಡ್ಡ ತಿರುಗ್ತಾರ, ಪದರದಾಗೇ ಕೊರಕೋತ ಹೋಗ್ತಾರ. ಆಮ್ಯಾಲ ನೀರು ಜೋರಲೆ ಒತ್ತಿ ಕಲ್ಲು ಬಿರಿಸ್ತಾರ. ಬಿರಿದದ್ದು ಮತ್ತ ಮುಚ್ಚಗೋಬಾರ್ದಲ್ಲ, ಅದಕ್ಕ ಬಿರುಕಿನಾಗ ಉಸುಕು ತುಂಬಬೇಕು. ಅಲ್ಲೀತನ ಉಸುಕು ಹೊತಗೊಂಡು ಹೋಗೂ ತಾಕತ್ತು ಬರೇ ನೀರಿಗಿಲ್ಲ. ಈ ಗೋಂದಿಗದ."

ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡ ಸಾವುಕಾರರಿಗೆ ನಾನು ಮತ್ತೊಮ್ಮೆ ಎಲ್ಲವನ್ನೂ ಹೇಳಬೇಕಾಯಿತು. ಹೇಳಿದೆ. ಮುಂದಿನ ಹಂಗಾಮಿಗೆ ಬೇಳೆಯ ಗಿರಣಿ ಗೋಂದಿನ ಗಿರಣಿಯಾಯಿತು.

ವೈನಿ ಸೊಲ್ಲಾಪುರದವರು. ತಂದೆ ಒಂದು ಬಟ್ಟೆ ಗಿರಣಿಯ ಆಫೀಸಿನಲ್ಲಿ ಕಾರಕೂನರಾಗಿದ್ದವರು. ಮಗಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಳು. ಮದುವೆಯ ಮಾತಿನಲ್ಲಿ, ಅಕ್ಕಲಕೋಟೆಯ ಕಾಲೇಜಿನಲ್ಲಿ ಕಲಿಸಲು ಬಿಡುತ್ತೇವೆ ಎಂದಿದ್ದರಂತೆ. ಮದುವೆಯಾದ ಮೇಲೆ ಆ ಮಾತು ಎಲ್ಲರಿಗೂ ಮರೆತುಹೋಯಿತು. ಗಂಡ ಗಿರಣಿಯ ತೂಕದ ಕಾಟಾದ ಹತ್ತಿರ ಕೂಡುತ್ತಿದ್ದರು. ಒಳ್ಳೆಯವರು. ಜನ ಅವರ ಬಗ್ಗೆ ಹೇಳುತ್ತಿದ್ದದ್ದು ಅಷ್ಟೇ, ನಾನೂ ಅದಕ್ಕಿಂತ ಹೆಚ್ಚು ಹೇಳಲಾರೆ. ಮಕ್ಕಳಿರಲಿಲ್ಲ.

ಗಿರಣಿಯ ಹಿಂದಿನ ಹಳೆಯ ಬೇಳೆ ಕೋಣೆಯನ್ನು ವೈನಿ ಪ್ರಯೋಗಶಾಲೆ ಮಾಡಿಕೊಂಡರು. ಅಡಿಗೆಮನೆಯ ಮಿಕ್ಸರು, ಔಷಧ ಅಂಗಡಿಯ ತಕ್ಕಡಿ. ಗೋಂದಿನ ದಪ್ಪ ಅಳೆಯುವ ಒಂದು ಯಂತ್ರವನ್ನು ಮಾತ್ರ ಹಟಹಿಡಿದು ತರಿಸಿದ್ದರು. ಕೈ ಯಾವಾಗಲೂ ಅಂಟು. ಬಾಗಿಲ ಚಿಲಕ, ಪೆನ್ನು, ಕನ್ನಡಕದ ಕಡ್ಡಿ, ಅವರು ಮುಟ್ಟಿದ್ದೆಲ್ಲ ಅಂಟು. ಯಾರು ಏನು ಸುದ್ದಿ ತಂದರೂ ಮೊದಲು ಕೇಳುತ್ತಿದ್ದದ್ದು, "ನೀವು ನೋಡೀರೇನು?" ನೋಡಿಲ್ಲ, ಯಾರೋ ಹೇಳಿದರು ಎಂದರೆ ಮುಗಿಯಿತು, ಬೆನ್ನು ತಿರುಗಿಸುತ್ತಿದ್ದರು.

ಅವರು ಸಾಧ್ವಿಯಾಗಿದ್ದರು, ಶಾಂತಮೂರ್ತಿಯಾಗಿದ್ದರು ಎಂದು ಈಗ ಹೇಳುವವರು ಅವರೊಡನೆ ಒಂದು ದಿನವೂ ಕೆಲಸ ಮಾಡಿಲ್ಲ. ನಾಲಿಗೆ ಬಹಳ ಹರಿತ. ನಾನು ಬರೆದ ಪತ್ರದಲ್ಲಿ ತಪ್ಪು ಕಂಡರೆ ಹಮಾಲರ ಎದುರಿಗೇ ಓದಿ ನಗುತ್ತಿದ್ದರು. ತಾವು ಮಾಡಿದ ತಪ್ಪನ್ನು ಯಾರಾದರೂ ತೋರಿಸಿದರೆ ಎರಡು ದಿನ ಮಾತು ಬಿಡುತ್ತಿದ್ದರು. ಓದಿದ ಸೊಕ್ಕು ಇತ್ತು. ಇರಲಿ. ಆ ಮನೆಯಲ್ಲಿ ಓದದೆಯೇ ಸೊಕ್ಕಿದವರು ಬೇಕಾದಷ್ಟು ಮಂದಿ ಇದ್ದರು.

ಬೀಜ ಸಾಲದೆ ಬಂದಾಗ, ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲೇ ಬೆಳೆಸಬೇಕೆಂದು ಯೋಚನೆ ಹೇಳಿದವರೂ ಅವರೇ. ಚಪಳಗಾಂವಕ್ಕೆ ಮೊದಲು ಹೋದದ್ದು ನಾವಿಬ್ಬರು, ಗಿರಣಿಯ ಜೀಪಿನಲ್ಲಿ. ಅಲ್ಲಿ ಭೀಮವ್ವ ಎಂಬ ಹೆಣ್ಣುಮಗಳಿದ್ದಳು. ಸ್ವಂತ ಹೊಲ, ನಾಲ್ಕಾರು ಎಮ್ಮೆ, ಊರಿನ ಗಂಡಸರೂ ಕಿವಿಗೊಡುವ ಮಾತು. ವೈನಿ ಅವಳ ಅಂಗಳದಲ್ಲಿ ಕೂತು ಅದೇ ಲೋಟ, ಅದೇ ಉಸುಕು ತೋರಿಸಿದರು. ಭೀಮವ್ವ ಮುದ್ದೆಯನ್ನು ಕೈಯಲ್ಲಿ ಹಿಚುಕಿ ನೋಡಿ, "ಇದು ಅಮೇರಿಕಾದ ನೆಲದಾಗ ಹೋಗ್ತದಾ? ನಮ್ಮ ಹೊಲದ್ದು?" ಎಂದಳು.

"ಹೋಗ್ತದ. ಅವರಿಗಿ ಬೇಕಿರೂತನ ಹೋಗ್ತದ. ಬ್ಯಾಡಾದ ದಿನ ನಾನೇ ಬಂದು ಹೇಳ್ತೀನಿ," ಎಂದರು ವೈನಿ.

ಆ ಮಾತನ್ನು ಯಾರೂ ಕೇಳಿರಲಿಲ್ಲ. ತಾವಾಗಿಯೇ ಕೊಟ್ಟರು.

ಆಮೇಲಿನ ವರ್ಷಗಳು ಚೆನ್ನಾಗಿದ್ದವು. ಸಾವುಕಾರರು ಮನೆಗೆ ಮೇಲಂತಸ್ತು ಕಟ್ಟಿಸಿದರು. ಒಮ್ಮೆ ವಿದೇಶದ ಖರೀದಿದಾರರ ಕಡೆಯ ತಜ್ಞರೊಬ್ಬರು ಮಾಲು ಪರೀಕ್ಷಿಸಲು ಬಂದರು. ವೈನಿ ಅವರೆದುರು ಗೋಂದು ಕಲಸಿ, ಯಂತ್ರಕ್ಕಿಟ್ಟು ತೋರಿಸಿದರು. ಆ ಮನುಷ್ಯನಿಗೆ ಬಹಳ ಖುಷಿಯಾಯಿತು. ಅಷ್ಟರಲ್ಲಿ ಸಾವುಕಾರರು ನನಗೆ, "ಚಹಾ ಆಗಲಿ ಅಂತ ಹೇಳ್ರಿ," ಎಂದರು. ವೈನಿ ಒಳಗೆ ಹೋದರು. ಅವರು ಚಹಾ ತರುವುದರೊಳಗೆ ಫೋಟೋ ತೆಗೆದು ಮುಗಿದಿತ್ತು. ಈ ಕೆಲಸ ಮಾಡುವವರು ಯಾರು ಎಂದು ತಜ್ಞರು ಕೇಳಿದ್ದಕ್ಕೆ ಸಾವುಕಾರರು ಎದೆಯ ಮೇಲೆ ಕೈಯಿಟ್ಟು, "ಅವರ್ ಲ್ಯಾಬೊರೇಟರಿ" ಎಂದರು. ಅವರಿಗೆ ಗೊತ್ತಿದ್ದ ಇಂಗ್ಲಿಷು ಅಷ್ಟೇ, ಆ ದಿನ ಅದು ಸಾಕಾಯಿತು. ಆ ಫೋಟೋ ಇವತ್ತಿಗೂ ಆಫೀಸಿನ ಗೋಡೆಯ ಮೇಲಿದೆ. ನಾನೂ ಇದ್ದೇನೆ ಅದರಲ್ಲಿ, ನಗುತ್ತಿದ್ದೇನೆ.

ವೈನಿ ದಿನವೂ ಅಡಿಗೆ ಮುಗಿಸಿ ಬಂದು ಆಫೀಸಿನ ಕಂಪ್ಯೂಟರಿನಲ್ಲಿ ಎಣ್ಣೆ ಬಾವಿಗಳ ಸುದ್ದಿ ಓದುತ್ತಿದ್ದರು. ಸಾವುಕಾರರು ದರ ಓದುತ್ತಿದ್ದರು, ಇವರು ಯಂತ್ರಗಳ ಬಗ್ಗೆ ಓದುತ್ತಿದ್ದರು. ಒಂದು ದಿನ ಓದುತ್ತ ಓದುತ್ತ ನಡುವೆಯೇ ಎದ್ದು ಬೇಳೆ ಕೋಣೆಗೆ ಹೋದರು. ಮರುದಿನ ಎರಡು ಲೋಟ ತಂದು ಸಾವುಕಾರರ ಮೇಜಿನ ಮೇಲಿಟ್ಟರು. ಒಂದರಲ್ಲಿ ನಮ್ಮ ಗೋಂದು. ಇನ್ನೊಂದರಲ್ಲಿ ನೀರಿನಂತೆಯೇ ಕಾಣುವ ನೀರು.

"ಹೇಳ್ರಿ ಸಾವುಕಾರ್ರಿಗಿ. ಈಗ ಅವರು ಗೋಂದು ಬಿಟ್ಟು ಇದಕ್ಕ ಹೊಂಟಾರ. ತೆಳ್ಳಗಿನ ನೀರು. ಒಂದು ಚಿಟಕಿ ಕೆಮಿಕಲ್ಲು ಹಾಕಿರ್ತಾರ, ಪೈಪಿನಾಗ ಜಾರಿ ಹೋಗ್ಲಿ ಅಂತ."

ಸಾವುಕಾರರು ಆ ನೀರಿಗೆ ಉಸುಕು ಹಾಕಿ ನೋಡಿದರು. ಉಸುಕು ಸೀದಾ ತಳಕ್ಕೆ ಹೋಗಿ ಕೂತಿತು. ಅವರು ನಕ್ಕರು. "ನೋಡ್ರಿ ಗುಮಾಸ್ತರ. ಕೆಳಗ ಕುಂತ್ತು. ಇವರೇ ಹೇಳಿದ್ರಲ್ಲ, ಬರೇ ನೀರಿಗಿ ತಾಕತ್ತಿಲ್ಲ ಅಂತ."

"ಕುಂಡರ್ತದ ಖರೇ. ಅದಕ್ಕ ಅವರು ಪಂಪು ದೊಡ್ಡವು ಮಾಡ್ಯಾರ. ಉಸುಕು ಕುಂಡ್ರೂದರಾಗೇ ದಬ್ಬಿಬಿಡ್ತಾರ. ಉಸುಕೂ ಸಣ್ಣದು ಮಾಡ್ಯಾರ. ಹಿಂಗ ಮಾಡಿದ್ರ ಬಿರುಕು ಇನ್ನೂ ಜಾಸ್ತಿ ಆಗ್ತಾವ, ಖರ್ಚೂ ಕಡಿಮಿ. ಅವರು ಹಿಂದ ಬರಾಂಗಿಲ್ರಿ. ನಾವು ಈಗೇ ದಾರಿ ಬದಲಿಸಬೇಕು. ಸೊಲ್ಲಾಪುರದಾಗ ಚಾದರು, ಟಾವೆಲ್ಲಿನ ಕಾರಖಾನಿ ಅದಾವ. ಬಣ್ಣ ಹಚ್ಚಾಕ, ನೂಲಿಗಿ ಖಳ, ಅಂದ್ರ ಗಂಜಿ, ಹಾಕಾಕ ಇದೇ ಗೋಂದು ನಡೀತದ. ನಾನು ಮಾಡಿ ತೋರಸ್ತೀನಿ."

"ಚಾದರಿಗಿ ಖಳ ಹಾಕಾಕ ನಾವು ಇಷ್ಟು ದೊಡ್ಡ ಗಿರಣಿ ಹಾಕೀವೇನು?" ಎಂದು ಸಾವುಕಾರರು ನನ್ನನ್ನೇ ಕೇಳಿದರು. ತಮ್ಮ ಗಂಡ ಏನಾದರೂ ಅನ್ನುತ್ತಾರೇನೋ ಎಂದು ವೈನಿ ಕಾಟಾದ ಕಡೆ ನೋಡಿದರು. ಅವರು ಚೀಲಕ್ಕೆ ಗುರುತು ಹಾಕುವುದರಲ್ಲಿದ್ದರು.

ಆ ವಾರವೇ ವೈನಿ ಬಸ್ಸು ಹಿಡಿದು ಚಪಳಗಾಂವಕ್ಕೆ ಹೋದರು. ಈ ಸಲ ಚವಳಿ ಕಡಿಮೆ ಬಿತ್ತಿರಿ, ತೊಗರಿ ಹಾಕಿರಿ ಎಂದು ಮನೆಮನೆಗೆ ಹೇಳಿ ಬಂದರು. ಭೀಮವ್ವ ಮತ್ತು ಅವಳ ಮಾತು ಕೇಳುವವರು ಹಾಗೆಯೇ ಮಾಡಿದರು.

ಆ ವರ್ಷ ಚವಳಿ ಬೀಜದ ದರ ಏರಿತು. ಯಾಕೆ ಏರಿತೆಂದು ಕೇಳಿದರೆ ಪೇಟೆಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇರೆ ಕಡೆ ಮಳೆ ಹೋಗಿತ್ತು, ದೊಡ್ಡವರು ಮಾಲು ಕೂಡಿಟ್ಟಿದ್ದರು, ಏನೋ ಒಂದು. ವೈನಿಯ ಲೆಕ್ಕ ತಪ್ಪಿರಲಿಲ್ಲ, ಒಂದು ಹಂಗಾಮು ಮುಂಚಿತವಾಗಿತ್ತು. ಆದರೆ ಬಿತ್ತದೆ ಬಿಟ್ಟವನಿಗೆ ಅದನ್ನು ಯಾರು ತಿಳಿಸಿ ಹೇಳಬೇಕು? ಚಪಳಗಾಂವದವರು ದುಧನಿ ಪೇಟೆಗೆ ಬಂದಾಗ ಗಿರಣಿಯ ಬಾಗಿಲಲ್ಲಿ ನಿಂತು ಬೈದು ಹೋದರು. ಸಾವುಕಾರರು ಅವರಿಗೆಲ್ಲ ಚಹಾ ಕುಡಿಸಿ, "ಹೆಣ್ಣುಮಕ್ಕಳ ಮಾತು ಕೇಳಿದ್ರಿ, ಆತಾ ಕಾಯ್ ಕರಣಾರ? ಈಗೇನು ಮಾಡೂದು?" ಎಂದು ನಕ್ಕರು. ಬೇಳೆ ಕೋಣೆಯ ಕೀಲಿಕೈ ಆ ತಿಂಗಳೇ ವೈನಿಯಿಂದ ತೆಗೆದುಕೊಂಡರು. ಚೀಲ ಇಡಲು ಜಾಗ ಸಾಲುತ್ತಿಲ್ಲ ಎಂಬುದು ಕಾರಣ. ಯಂತ್ರದ ಮೇಲೆ ಖಾಲಿ ಗೋಣಿಚೀಲಗಳು ಬಿದ್ದವು.

ಮರುವರ್ಷ ಎಲ್ಲರೂ ಬಿತ್ತಿದರು. ಭೀಮವ್ವ ತನ್ನ ಇಡೀ ಹೊಲಕ್ಕೆ ಬಿತ್ತಿದಳು.

ಬೆಳೆ ಬಂತು. ಖರೀದಿದಾರರು ಬರಲಿಲ್ಲ. ನಾನು ಬರೆದ ಮೇಲ್‌ಗಳಿಗೆ ಮೊದಲು ತಡವಾಗಿ, ಆಮೇಲೆ ಒಂದೇ ಸಾಲಿನಲ್ಲಿ ಉತ್ತರ ಬರತೊಡಗಿತು. ಕೊನೆಗೆ ಅದೂ ನಿಂತಿತು. ಗೋದಾಮು ತುಂಬ ಗಿರಣಿಯದೇ ಹಳೆಯ ಮಾಲಿತ್ತು. ಅದನ್ನು ಸಿಕ್ಕ ದರಕ್ಕೆ ಮೊದಲು ಹೊರಗೆ ಹಾಕಬೇಕೆಂದು ಸಾವುಕಾರರು ಯೋಚಿಸಿದರು. ಅದಕ್ಕೂ ಮೊದಲೇ ಹಳ್ಳಿಯವರು ತಮ್ಮ ಬೀಜವನ್ನು ಪೇಟೆಗೆ ತಂದರೆ ಇರುವ ದರವೂ ಬೀಳುತ್ತದೆ. ಅವರನ್ನು ಹೇಗಾದರೂ ತಡೆಯಬೇಕಿತ್ತು.

ಆ ಸಂಜೆ ವೈನಿಯನ್ನು ಆಫೀಸಿಗೆ ಕರೆಸಿದರು. ನಾನು ನಡುವೆ ಕೂತು ಸಿದ್ಧನಾದೆ. ಆದರೆ ಸಾವುಕಾರರು ನನ್ನ ಕಡೆ ನೋಡಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡಿದರು.

"ನೀವು ಹೇಳಿದ್ದೇ ಖರೇ ಆತು. ಚೂಕ ನಂದು. ಈಗ ಮನಿ ಮರ್ಯಾದಿ ಉಳಿಸಬೇಕಾಗೇದ. ಬೈದ್ರೂ ಚಪಳಗಾಂವದವರು ನಿಮ್ಮ ಮಾತಿಗೇ ನಿಂದರ್ತಾರ. ಹೋಗಿ ಹೇಳ್ರಿ, ಸಂಕ್ರಾಂತಿ ಆದಮ್ಯಾಲ ಗಿರಣಿ ಎಲ್ಲಾ ಮಾಲು ತಗೋತದ, ಅಲ್ಲೀತನ ಮನ್ಯಾಗ ಇಟ್ಟಗೋರಿ ಅಂತ."

"ತಗೋತೀರೇನು?" ಎಂದರು ವೈನಿ.

ಸಾವುಕಾರರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ಸಂಕ್ರಾಂತಿಗಿ ತಗೋತೀರೇನ್ರಿ?"

ಸಾವುಕಾರರು ನನ್ನ ಕಡೆ ತಿರುಗಿದರು. "ಗುಮಾಸ್ತರ, ಹೇಳ್ರಿ ಅವರಿಗಿ. ಧಂಧೇದಾಗ ಹಿಂಗ ಹೇಳಬೇಕಾಗ್ತದ."

ನಾನು ಹೇಳುವ ಅಗತ್ಯ ಬೀಳಲಿಲ್ಲ. "ಜೀಪು ಕೊಡ್ರಿ. ನಾಳೆ ಹೋಗ್ತೀನಿ," ಎಂದು ವೈನಿ ಎದ್ದರು.

ಚಪಳಗಾಂವದ ಶಾಲೆಯ ಮುಂದೆ ಜನ ಸೇರಿದ್ದರು. ವೈನಿ ಕಟ್ಟೆಯ ಮೇಲೆ ನಿಂತರು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ.

"ಗಿರಣಿ ನಿಮ್ಮ ಮಾಲು ತಗೊಳ್ಳಾಂಗಿಲ್ಲ. ಸಂಕ್ರಾಂತಿಗೂ ಇಲ್ಲ, ಯುಗಾದಿಗೂ ಇಲ್ಲ. ಅಮೇರಿಕಾದವರಿಗಿ ಇದು ಈಗ ಅಷ್ಟು ಬ್ಯಾಡಾಗೇದ. ಕಾಯಬ್ಯಾಡ್ರಿ. ನಾಳೇನೇ ಸೊಲ್ಲಾಪುರ ಪೇಟಿಗಿ ಒಯ್ದು ಬಂದಷ್ಟಕ್ಕ ಮಾರಿಬಿಡ್ರಿ. ಮಾರಾಂಗಿಲ್ಲ ಅನ್ನವರು ಹುರದು ಎಮ್ಮಿಗಿ ಹಾಕ್ರಿ. ಹಸೀದು ಹಾಕಬ್ಯಾಡ್ರಿ, ಎಮ್ಮಿಗಿ ಪಚನ ಆಗಾಂಗಿಲ್ಲ."

ಮುಂದೆ ಕೂತಿದ್ದ ಭೀಮವ್ವ ಎದ್ದಳು.

"ಹ್ವಾದ ವರ್ಷ ಬಿತ್ತಬ್ಯಾಡ ಅಂದಿ, ರೇಟು ಏರ್ತು. ಈಗ ಇಟ್ಟಗೋಬ್ಯಾಡ ಅಂತಿ. ನಾವು ನಾಳಿಗಿ ಸೋವಿ ಮಾರಬೇಕು, ಅಲ್ಲಿ ನಿಮ್ಮ ಮಂದೀನೇ ನಿಂತು ಕೊಳ್ಳಬೇಕು. ಹಂಗೇ ಹೌದಲ್ಲ?"

"ಭೀಮವ್ವ, ಹಂಗಲ್ಲ..."

"ಸಾಕು ಬಿಡವ್ವಾ. ಸಾವುಕಾರ್ರ ಮನ್ಯಾಗಿನ ಅನ್ನ ಉಣ್ತಿ, ಅವರ ಮಾತೇ ಆಡ್ತಿ. ನಿಂದೇನು ತಪ್ಪಿಲ್ಲ."

ಜನ ನಕ್ಕರು. ಬಹಳ ಜನ ಆ ಬೀಜವನ್ನು ಮಾರದೆ ಇಟ್ಟುಕೊಂಡರು, ಸಂಕ್ರಾಂತಿಯ ಮೇಲೆ ಅದನ್ನು ಕೇಳುವವರೇ ಇರಲಿಲ್ಲ. ನಾನು ಅಲ್ಲೇ ನಿಂತಿದ್ದೆ, ಇವರು ಸಾವುಕಾರರ ಮಾತು ಮೀರಿ ಹೇಳುತ್ತಿದ್ದಾರೆ ಎಂದೆ. ಗಿರಣಿಯ ಗುಮಾಸ್ತನ ಸಾಕ್ಷಿಗೆ ಏನು ಬೆಲೆ? ಅವರು ಇನ್ನಷ್ಟು ನಕ್ಕರು.

ನಾವು ದುಧನಿಗೆ ಮರಳುವುದರೊಳಗೆ ಡ್ರೈವರ್ ಫೋನಿನಲ್ಲಿ ಎಲ್ಲ ಹೇಳಿಬಿಟ್ಟಿದ್ದ. ಮನೆಯ ಬಾಗಿಲಲ್ಲಿ ಸಾವುಕಾರರು ನಿಂತಿದ್ದರು. "ಗುಮಾಸ್ತರ, ಸ್ವಲ್ಪ ದಿನ ತವರುಮನಿಗಿ ಹೋಗಿ ಬರ್ಲಿ ಅಂತ ಹೇಳ್ರಿ." ಗಂಡ ಒಳಗಿನಿಂದ ಒಂದು ಚೀಲ ತಂದರು. ಸ್ಟೇಶನ್ನಿನವರೆಗೆ ಅದನ್ನು ತಾವೇ ಹೊತ್ತುಕೊಂಡು ಬಂದರು, ರೈಲಿನಲ್ಲಿ ಜಾಗ ಹಿಡಿದುಕೊಟ್ಟರು, ಕೆಳಗಿಳಿದು ನಿಂತರು. ಹೇಳಿದೆನಲ್ಲ, ಒಳ್ಳೆಯವರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ.

ನಾನೂ ಆ ಕೆಲಸ ಬಿಟ್ಟು ಸೊಲ್ಲಾಪುರದಲ್ಲೇ ಬೇರೆ ನೌಕರಿ ಹಿಡಿದೆ. ವೈನಿಯ ತಂದೆ ಅಷ್ಟರಲ್ಲಿ ತೀರಿಕೊಂಡಿದ್ದರು. ವೈನಿ ವಿಜಾಪುರ ರಸ್ತೆಯಲ್ಲಿ ಮನೆ ಹಿಡಿದು ಹನ್ನೆರಡನೆಯ ತರಗತಿಯ ಮಕ್ಕಳಿಗೆ ರಸಾಯನಶಾಸ್ತ್ರದ ಟ್ಯೂಷನ್ ಹೇಳತೊಡಗಿದರು. ಆಗಾಗ ಹೋಗಿ ಬರುತ್ತಿದ್ದೆ. ನನ್ನನ್ನು ಕಂಡ ಕೂಡಲೇ ದುಧನಿಯ ಮನೆಯ ಸುದ್ದಿ ಕೇಳುತ್ತಾರೆಂದುಕೊಂಡರೆ, ಕೇಳುತ್ತಿದ್ದದ್ದು ಎಣ್ಣೆ ಬಾವಿಗಳ ಸುದ್ದಿ. "ಒಂದೇ ಜಾಗದಾಗ ನಿಂತು ಎಷ್ಟೋ ಬಾವಿ ಕೊರೀತಾರಂತ ಈಗ, ಗೊತ್ತದೇನು? ಯಂತ್ರ ತಾನೇ ನಡಕೋತ ಮುಂದಿನ ಬಾವಿಗಿ ಹೋಗ್ತದಂತ. ಮೈಲುಗಟ್ಟಲೆ ಅಡ್ಡ ಹೋದ್ರೂ ಬರೋಬ್ಬರಿ ಪದರದಾಗೇ ಇರ್ತದಂತ!" ಹೇಳುತ್ತ ಹೇಳುತ್ತ ಮುಖ ಅರಳುತ್ತಿತ್ತು. ನನಗೆ ಮೈ ಉರಿಯಿತು. ನಿಮ್ಮ ಬಾಳು ಹಾಳುಮಾಡಿದ್ದು ಅದೇ ಅಲ್ಲವೇ ಎಂದೆ.

"ಅವರದೇನು ತಪ್ಪ್ರಿ? ಛಲೋ ದಾರಿ ಸಿಕ್ತು, ಹೋದ್ರು. ನಮಗೂ ಸಿಕ್ಕಿತ್ತು," ಎಂದರು. ಆಮೇಲೆ ಟ್ಯೂಷನ್ನಿನ ಪುಸ್ತಕಗಳನ್ನು ಜೋಡಿಸುತ್ತ, "ಭೀಮವ್ವ ಹಂಗ ಅನಬಾರ್ದಿತ್ತು," ಎಂದರು. ಸಾವುಕಾರರನ್ನು, ಗಂಡನನ್ನು ಅವರು ಬೈದದ್ದನ್ನು ನಾನು ಕೇಳಿಲ್ಲ. ಈ ಒಂದು ಮಾತನ್ನು ಮಾತ್ರ ಆಮೇಲೆಯೂ ಎಷ್ಟೋ ಸಲ ಅಂದರು. ಆಸ್ಪತ್ರೆಯಲ್ಲೂ ಅಂದರು.

ಬದುಕಿದ್ದಾಗ ಬೇಡವಾದವರನ್ನು ದುಧನಿಗೆ ಒಯ್ದು ಮನೆತನದ ಗೌರವದಿಂದ ಮಣ್ಣು ಮಾಡಿದರು. ತಿಥಿಯ ದಿನದ ಊಟಕ್ಕೆ ನಾನೂ ಹೋಗಿದ್ದೆ. ಪೆಂಡಾಲಿನಲ್ಲಿ ಮೈಕು ಹಿಡಿದು ಸಾವುಕಾರರು ಮಾತಾಡಿದರು. ವೈನಿಯ ಕೈಯ ಹೋಳಿಗೆ, ಅತಿಥಿಗಳಿಗೆ ಮಾಡುತ್ತಿದ್ದ ಚಹಾ, ಹಿರಿಯರೆದುರು ತಲೆಯ ಮೇಲಿಂದ ಎಂದೂ ಜಾರದಿದ್ದ ಸೆರಗು. ಕಣ್ಣೊರೆಸಿಕೊಂಡರು. ಗೋಂದಿನ ಮಾತು ಬರಲಿಲ್ಲ. ನನಗೆ ಕೂಡಲಾಗಲಿಲ್ಲ, ಹೊರಗೆ ಬಂದೆ.

ಚಪ್ಪಲಿಗಳ ರಾಶಿಯ ಹತ್ತಿರ ಭೀಮವ್ವ ನಿಂತಿದ್ದಳು. ಬಹಳ ಮುದುಕಿಯಾಗಿದ್ದಳು. ಒಳಗೆ ಹೋಗಿರಲಿಲ್ಲ.

"ಆವತ್ತು ಆಕಿ ಖರೇ ಹೇಳ್ಯಾಳ ಅಂತ ನನಗ ಗೊತ್ತಿತ್ರಿ," ಎಂದಳು, ನಾನು ಏನೂ ಕೇಳುವ ಮೊದಲೇ. "ಆಕಿ ಮುಖ ನೋಡಿದ್ರ ತಿಳೀತಿತ್ತು."

"ಮತ್ತೆ ಹಾಗೆ ಯಾಕೆ ಅಂದಿ?"

"ಹೌದು ಅಂದಿದ್ರ ಅಲ್ಲೇ, ಅವತ್ತೇ, ಬೆಳಿ ಹೋತು ಅನಬೇಕಿತ್ತಲ್ರಿ. ಸುಳ್ಳ ಹೇಳಾಕತ್ತಾಳ ಅಂದ್ರ ಸಂಕ್ರಾಂತಿತನ ಆಸೆ ಉಳೀತಿತ್ತು. ಮಂದಿಗೂ ಅದೇ ಬೇಕಿತ್ತು."

"ಅವರಿಗೆ ಇದನ್ನು ಒಮ್ಮೆ ಬಂದು ಹೇಳಬಹುದಿತ್ತಲ್ಲ?"

"ಸೊಲ್ಲಾಪುರಕ್ಕ ಎಷ್ಟೋ ಸಲ ಹೋಗೀನ್ರಿ," ಎಂದಳು. "ಮನಿ ಎಲ್ಲಿ ಅಂತ ಕೇಳಲಿಲ್ಲ."

ಒಳಗಿನಿಂದ ಊಟಕ್ಕೆ ಕರೆದರು. ಭೀಮವ್ವ ಸೆರಗು ಸರಿಮಾಡಿಕೊಂಡು, ಚಪ್ಪಲಿ ಬಿಟ್ಟು, ಎಲ್ಲರೊಡನೆ ಊಟಕ್ಕೆ ಹೋದಳು.